ಡಿಸೆಂಬರ್ ನೋಡಿ ಮನೆ ಕೊಳ್ಳಬೇಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಚಳಿಗಾಲಕ್ಕೆ ಕೊಡಗಿಗೆ ಬಂದು ನಾಲ್ಕು ತಿಂಗಳು ಇದ್ದು ಹೋಗುವವರು, ರಿಟೈರ್ ಆದ ಮೇಲೆ ಇಲ್ಲೇ ಉಳಿದುಬಿಡೋಣ ಅಂತ ಹೊರಟವರು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನಗೆ 66, ಹೆಂಡತಿಗೆ 63. ಆರು ವರ್ಷದಿಂದ ನವೆಂಬರ್ ಬಂತೆಂದರೆ ಬೆಂಗಳೂರಿನ ಫ್ಲ್ಯಾಟಿಗೆ ಬೀಗ ಹಾಕಿ ಸುಂಟಿಕೊಪ್ಪದ ಹತ್ತಿರದ ಒಂದು ತೋಟದ ಮನೆಗೆ ಬರುತ್ತೇವೆ. ಫೆಬ್ರುವರಿ ಕೊನೆಗೆ ವಾಪಸ್. ಬೆಳಿಗ್ಗೆ ಮಂಜು, ಹತ್ತು ಗಂಟೆಗೆ ಹದವಾದ ಬಿಸಿಲು, ಕಾಫಿ ಕುಯ್ಲಿನ ಗಲಾಟೆ, ಪುತ್ತರಿ ಸುಗ್ಗಿ ಹಬ್ಬಕ್ಕೆ ಯಾರದೋ ಮನೆಯಲ್ಲಿ ಊಟ. ಹೊರಡುವ ದಿನ ಪ್ರತಿ ಸಲವೂ ಸಂಕಟ. ಈಗ ಅದೇ ರಸ್ತೆಯಲ್ಲಿ ಒಂದೂವರೆ ಎಕರೆ ಕಾಫಿ ತೋಟದ ಸಮೇತ ಒಂದು ಮನೆ ಮಾರಾಟಕ್ಕಿದೆ. ಫ್ಲ್ಯಾಟ್ ಮಾರಿದರೆ ಅದನ್ನು ಕೊಂಡು ಕೈಯಲ್ಲಿ ಒಂದಿಷ್ಟು ಉಳಿಯುತ್ತದೆ. ಮಾರ್ಚ್ ಒಳಗೆ ಅಡ್ವಾನ್ಸ್ ಕೊಡಿ ಅನ್ನುತ್ತಿದ್ದಾರೆ. ಮಗ ಪುಣೆಯಲ್ಲಿದ್ದಾನೆ, ನಿಮ್ಮಿಷ್ಟ ಅಂದ. ಹೆಂಡತಿ ಏನೂ ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ ನನಗೆ ಸ್ಟೆಂಟ್ ಹಾಕಿದ್ದಾರೆ, ಈಗ ಆರಾಮಾಗಿದ್ದೇನೆ. ಧೈರ್ಯ ಮಾಡಬಹುದಾ? (ನಿವೃತ್ತ ಉಪನ್ಯಾಸಕ, ಬೆಂಗಳೂರು)

ಉತ್ತರ: ಅಡ್ವಾನ್ಸ್ ಕೊಡಬೇಡಿ ಸರ್. ಕೊಡಗಿಗೆ ಬರಬೇಡಿ ಅನ್ನುತ್ತಿಲ್ಲ, ಮಾರ್ಚ್‌ನಲ್ಲಿ ದುಡ್ಡು ಕೊಡಬೇಡಿ ಅಂತ ಮಾತ್ರ.

ಆರು ವರ್ಷದ ಅನುಭವ ಅಂತ ಬರೆದಿದ್ದೀರಿ. ಲೆಕ್ಕ ಹಾಕಿದರೆ 24 ತಿಂಗಳು, ಅಷ್ಟೂ ಅದೇ ನಾಲ್ಕು ತಿಂಗಳು. ಜೂನ್‌ನ ಕೊಡಗನ್ನು ನೀವು ಒಂದು ದಿನವೂ ನೋಡಿಲ್ಲ. ನಾನೂ ಹಾಗೇ ಮಾಡಿದವಳು, ಅದಕ್ಕೇ ಇಷ್ಟು ಖಡಕ್ಕಾಗಿ ಹೇಳುತ್ತಿದ್ದೇನೆ. ಬ್ಯಾಂಕ್ ಕೆಲಸ ಮುಗಿಸಿ ಐದು ಚಳಿಗಾಲ ಮೈಸೂರಿನಿಂದ ವಿರಾಜಪೇಟೆ ಹತ್ತಿರದ ಹಳ್ಳಿಗೆ ಬಂದು ಹೋದೆವು, ಆರನೇ ವರ್ಷ ಮೇ ತಿಂಗಳಲ್ಲಿ ಗಂಟುಮೂಟೆ ಕಟ್ಟಿಕೊಂಡು ಬಂದೇಬಿಟ್ಟೆವು. ಜುಲೈನಲ್ಲಿ ಒಂದು ರಾತ್ರಿ ಗಾಳಿಗೆ ಸಿಲ್ವರ್ ಓಕ್ ಮರ ಲೈನ್ ಮೇಲೆ ಬಿದ್ದು ಕರೆಂಟ್ ಹೋಯಿತು. ಬಂದದ್ದು ಒಂಬತ್ತನೇ ದಿನ. ಇನ್ವರ್ಟರ್ ಎರಡನೇ ದಿನಕ್ಕೇ ಸತ್ತಿತ್ತು. ಮೋಟಾರ್ ಓಡದೆ ಟ್ಯಾಂಕ್ ಖಾಲಿ, ಹೊರಗೆ ಆಕಾಶ ತೂತಾದ ಹಾಗೆ ನೀರು ಸುರಿಯುತ್ತಿದ್ದರೂ ಬಚ್ಚಲಿನಲ್ಲಿ ನೀರಿಲ್ಲ. ಮೊಬೈಲ್ ಟವರ್ ಕೂಡ ಕೈಕೊಟ್ಟಿತು. ಸೋಲಾರ್ ಹೀಟರ್ ಹಾಕಿಸಿದ್ದೆವು, ಅದರ ಮೇಲೆ ಪಾಚಿ ಬೆಳೆಯಿತು ಅಷ್ಟೇ. ಬೀರು ತೆಗೆದರೆ ನಮ್ಮ ಯಜಮಾನರ ಚರ್ಮದ ಬೂಟು, ನನ್ನ ರೇಷ್ಮೆ ಸೀರೆಯ ಅಂಚು, ಮದುವೆ ಆಲ್ಬಮ್ ಎಲ್ಲಕ್ಕೂ ಬೂಷ್ಟು. ಐದು ಚಳಿಗಾಲ ಆ ಮನೆಯಲ್ಲಿದ್ದರೂ ಗೋಡೆ ನೀರು ಕುಡಿಯುತ್ತದೆ ಅಂತ ನಮಗೆ ಗೊತ್ತೇ ಇರಲಿಲ್ಲ. ಡಿಸೆಂಬರ್‌ನಲ್ಲಿ ಗೋಡೆಗೆ ಸುಣ್ಣ ಹೊಡೆಸಿರುತ್ತಾರಲ್ವಾ!

ಬೆಂಗಳೂರಿಗೆ ವರ್ಷವಿಡೀ ಬೀಳುವುದು ಹೆಚ್ಚುಕಡಿಮೆ 38 ಇಂಚು ಮಳೆ. ಮಡಿಕೇರಿಯಲ್ಲಿ ಸಾಮಾನ್ಯವಾಗಿ ಜುಲೈ ಒಂದೇ ತಿಂಗಳಲ್ಲಿ ಅಷ್ಟು ಬೀಳುತ್ತದೆ. ಇಲ್ಲಿ ಬೆಳೆಗಾರರ ಮನೆಯಂಗಳದಲ್ಲಿ ಮಳೆ ಅಳೆಯುವ ಡಬ್ಬ ಇರುವುದನ್ನು ನೋಡಿರುತ್ತೀರಿ. ನೂರು ಸೆಂಟಿಗೆ ಒಂದು ಇಂಚು. 'ನಿಮ್ಮಲ್ಲಿ ಎಷ್ಟಾಯ್ತು, ನಮ್ಮಲ್ಲಿ ಮೂರು ಇಂಚು ನಲವತ್ತು ಸೆಂಟು' ಅನ್ನುವುದೇ ಆಗ ಊರಿನ ಕುಶಲ ಪ್ರಶ್ನೆ. ಸುಂಟಿಕೊಪ್ಪ ಪೂರ್ವದ ಕಡೆ ಇರುವುದರಿಂದ ಭಾಗಮಂಡಲದಷ್ಟು ಮಳೆ ನಿಮಗೆ ಇಲ್ಲ, ಅದು ನಿಮ್ಮ ಅದೃಷ್ಟ. ಮೈಸೂರು ಹೆದ್ದಾರಿಯೂ ಹತ್ತಿರ. ಆದರೆ ಆ ಕಡೆ ಆನೆ ಕಾಟ ಇದೆ. ಸಂಜೆ ಆರರ ಮೇಲೆ ತೋಟದ ದಾರಿಯಲ್ಲಿ ವಾಕಿಂಗ್ ಅನ್ನುವುದನ್ನು ಮರೆತುಬಿಡಿ.

ಅದಕ್ಕೇ ಹೇಳುವುದು, ಈ ವರ್ಷ ಫೆಬ್ರುವರಿಗೆ ಬೆಂಗಳೂರಿಗೆ ಹೋಗಿ, ಮೇ ಕೊನೆಗೆ ವಾಪಸ್ ಬನ್ನಿ. ಅದೇ ಬಾಡಿಗೆ ಮನೆಗೆ. ಡಿಸೆಂಬರ್‌ನಲ್ಲಿ ಪ್ರವಾಸಿಗರ ಗಲಾಟೆಗೆ ಬಾಡಿಗೆ ಏರಿರುತ್ತದೆ, ಮಳೆಗಾಲದಲ್ಲಿ ಖಾಲಿ ಬಿದ್ದಿರುತ್ತದೆ, ಮಾಲೀಕರು ಖುಷಿಯಿಂದಲೇ ಕೊಟ್ಟಾರು. ಜೂನ್‌ನಿಂದ ಸೆಪ್ಟೆಂಬರ್ ಇರಿ. ಮಧ್ಯದಲ್ಲಿ ನೆಂಟರ ಮನೆ, ಮದುವೆ, ಗೃಹಪ್ರವೇಶ ಅಂತ ನೆಪ ಹುಡುಕಿಕೊಂಡು ಬೆಂಗಳೂರಿಗೆ ಓಡಬೇಡಿ. ಸೌದೆ ಮೇ ತಿಂಗಳಲ್ಲೇ ಒಳಗೆ ಸೇರಬೇಕು, ಬಟ್ಟೆ ಒಣಗುವುದು ಹಂಡೆ ಒಲೆಯ ಮೇಲೆ, ಎಲ್ಲದಕ್ಕೂ ಹೊಗೆ ವಾಸನೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಏಡಿ, ಎಳೆ ಬಿದಿರಿನ ಕಣಿಲೆ, ಅಣಬೆ ತಿಂದುಕೊಂಡು ಮನೆಯೊಳಗೆ ಕೂತಿರುವುದು ನಿಮಗೆ ಹಿಡಿಸುತ್ತದಾ ನೋಡಿ. ಆಗಸ್ಟ್ 3ಕ್ಕೆ ಯಾರಾದರೂ ಮದ್ದು ಸೊಪ್ಪಿನ ಪಾಯಸ ಕೊಟ್ಟರೆ ಬೇಡ ಅನ್ನಬೇಡಿ, ಮರುದಿನ ಮೂತ್ರ ಕೆಂಪಾದರೆ ಹೆದರಿ ಡಾಕ್ಟರ ಹತ್ತಿರ ಓಡಲೂ ಬೇಡಿ. ಅದು ಸೊಪ್ಪಿನ ಬಣ್ಣ.

ಇನ್ನು ಸ್ಟೆಂಟ್ ವಿಷಯ. ನಿಮ್ಮ ಪತ್ರದಲ್ಲಿ ಅದು ಕೊನೆಯ ಸಾಲು, ನನ್ನ ಲೆಕ್ಕದಲ್ಲಿ ಮೊದಲನೆಯದು. ಮಡಿಕೇರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು 2016ರಲ್ಲಿ ಶುರುವಾಯಿತು, ಮೊದಲಿಗಿಂತ ವಾಸಿ. ಆದರೆ ಹೃದಯದ ದೊಡ್ಡ ಚಿಕಿತ್ಸೆ ಅಂದರೆ ಇಂದಿಗೂ ನಾವು ಮೈಸೂರಿಗೋ ಮಂಗಳೂರಿಗೋ ಹೋಗುವವರು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರಿನ ಕಡೆ ಸಂಪಾಜೆ ಘಾಟಿ ಇಳಿಯಬೇಕು, 2018ರ ಆಗಸ್ಟ್‌ನಲ್ಲಿ ಆ ರಸ್ತೆಯೇ ಕುಸಿದು ಓಡಾಟ ನಿಂತಿತ್ತು. ರೈಲು ಇಡೀ ಜಿಲ್ಲೆಯಲ್ಲಿ ಇಲ್ಲ. ನಿಮಗೆ ರಾತ್ರಿ ಎದೆ ನೋವು ಬಂದರೆ ಕಾರು ಓಡಿಸುವವರು ಯಾರು? ನಿಮ್ಮ ಮನೆಯವರಿಗೆ ಡ್ರೈವಿಂಗ್ ಬರುತ್ತದಾ, ಮಳೆಯಲ್ಲಿ, ಕತ್ತಲಲ್ಲಿ, ತೋಟದ ಮಣ್ಣು ರಸ್ತೆಯಲ್ಲಿ? ಬರುವುದಿಲ್ಲ ಅಂದರೆ ಕರೆದರೆ ಬರುವ ಇಬ್ಬರ ಹೆಸರು ಈಗಲೇ ಹೇಳಿ ನೋಡೋಣ. ಮನೆ ಮಾಲೀಕರನ್ನು ಬಿಟ್ಟು.

ನಮಗೆ ಆ ಮೊದಲ ಜುಲೈನಲ್ಲಿ ಇದು ತಿಳಿಯಿತು. ಯಜಮಾನರಿಗೆ 104 ಜ್ವರ, ರಸ್ತೆಗೆ ಅಡ್ಡ ಮರ. ಮರ ಕೊಯ್ಯುವ ಮೆಷಿನ್ ಹಿಡಿದು ಬಂದವರು ಎರಡು ಮನೆ ಆಚೆಯವರು. ಐದು ಚಳಿಗಾಲ ಅವರ ಗೇಟಿನ ಮುಂದೆ ವಾಕಿಂಗ್ ಹೋಗಿದ್ದೆವು, ಅವರ ಹೆಸರು ನಮಗೆ ಗೊತ್ತಿರಲಿಲ್ಲ. ಜೀಪಿನಲ್ಲಿ ಅವರೇ ಗೋಣಿಕೊಪ್ಪಕ್ಕೆ ಕರೆದುಕೊಂಡು ಹೋದರು. ಚಳಿಗಾಲಕ್ಕೆ ಬಂದು ಹೋಗುವವರನ್ನು ಊರು ನೆಂಟರ ಹಾಗೆ ನೋಡುತ್ತದೆ, ನಗುತ್ತದೆ, ಊಟ ಹಾಕುತ್ತದೆ, ಏನನ್ನೂ ಕೇಳುವುದಿಲ್ಲ. ಉಳಿದುಕೊಂಡರೆ ಕೇಳುತ್ತದೆ. ಸಾವಿನ ಮನೆಗೆ ಮಳೆಯಲ್ಲೂ ಹೋಗಬೇಕು, ಮದುವೆಗೆ ಹಿಂದಿನ ದಿನವೇ ಮುಖ ತೋರಿಸಬೇಕು, ಊರ ದೇವಸ್ಥಾನದ ಹಬ್ಬಕ್ಕೆ ವಂತಿಗೆ ಚೀಟಿ ಬಂದರೆ ಚೌಕಾಸಿ ಮಾಡಬಾರದು. ಇದು ಕಷ್ಟ ಅನ್ನಿಸಿದರೆ ಚಳಿಗಾಲದ ನೆಂಟರಾಗಿಯೇ ಇರಿ, ಅದರಲ್ಲಿ ಅವಮಾನವೇನಿಲ್ಲ.

ನಿಮ್ಮ ಮನೆಯವರು ಸುಮ್ಮನಿದ್ದಾರೆ ಅಂದಿರಿ. ಮೌನ ಸಮ್ಮತಿ ಅನ್ನುವ ಮಾತು ಹೆಣ್ಣು ನೋಡುವ ಶಾಸ್ತ್ರಕ್ಕೇ ಸರಿಯಾಗಿರಲಿಲ್ಲ, ಇದಕ್ಕಂತೂ ಸರಿಯೇ ಅಲ್ಲ. ಬಾಡಿಗೆ ಮನೆಯಲ್ಲಿ ತೋಟದ ಕೆಲಸಗಾರರ ಲೈನ್ ಮನೆಯಿಂದ ಒಬ್ಬರು ಬಂದು ಪಾತ್ರೆ, ನೆಲ ನೋಡಿಕೊಳ್ಳುತ್ತಿರಬಹುದು. ಸ್ವಂತ ಮನೆಯಾದ ಮೇಲೆ ಜನ ಸಿಗುವುದು ಕಷ್ಟ, ಕುಯ್ಲಿನ ಸಮಯದಲ್ಲಂತೂ ಯಾರೂ ಸಿಗುವುದಿಲ್ಲ. ಒಣಗದ ಬಟ್ಟೆ, ಹತ್ತದ ಒಲೆ, ಇವೆಲ್ಲ ಯಾರ ತಲೆಗೆ ಬರುತ್ತವೆ? ಬೆಂಗಳೂರಿನಲ್ಲಿ ಅವರಿಗೆ ಅಕ್ಕತಂಗಿಯರು, ಭಜನೆ ಗುಂಪು, ತರಕಾರಿ ಅಂಗಡಿಯವನ ಜೊತೆಗಿನ ಜಗಳ, ಏನೇನೋ ಇರುತ್ತದೆ. ನೀವಿಲ್ಲದಾಗ ಅವರೊಬ್ಬರೇ ಆ ತೋಟದ ಮನೆಯಲ್ಲಿ ಇರಬಲ್ಲರಾ ಅನ್ನುವುದನ್ನೂ ಕೇಳಿ. ಕೇಳಲು ಮುಜುಗರ, ಗೊತ್ತು. ನಮ್ಮ ಮನೆಯಲ್ಲಿ ಇದನ್ನು ಕೇಳಿದವಳು ನಾನು. ಉತ್ತರ ಬರಲು ಒಂದು ವಾರ ಹಿಡಿಯಿತು.

ದುಡ್ಡಿನ ಕಡೆಯಿಂದಲೂ ಅವಸರಕ್ಕೆ ಕಾರಣವಿಲ್ಲ. ಫ್ಲ್ಯಾಟ್ ಮಾರಿದ ಲಾಭದ ಮೇಲಿನ ತೆರಿಗೆ ಉಳಿಸಬೇಕಾದರೆ ಮಾರಿದ ದಿನದಿಂದ 2 ವರ್ಷದೊಳಗೆ ಬೇರೆ ವಾಸದ ಮನೆ ಕೊಳ್ಳಬೇಕು, ಕಟ್ಟಿಸುವುದಾದರೆ 3 ವರ್ಷ. ದಿನ ಎಣಿಕೆ ಶುರುವಾಗುವುದು ಮಾರಿದ ಮೇಲೆ, ಅಲ್ಲಿಯವರೆಗೆ ನಿಮ್ಮನ್ನು ಯಾರೂ ಓಡಿಸುತ್ತಿಲ್ಲ. ಇನ್ನೊಂದು, ಆ ವಿನಾಯಿತಿ ಇರುವುದು ಮನೆಗೆ. ಒಂದೂವರೆ ಎಕರೆ ತೋಟಕ್ಕೆ ಕೊಟ್ಟ ದುಡ್ಡನ್ನು ಅದರಲ್ಲಿ ಸೇರಿಸಬಹುದು ಅಂತ ಯಾರಾದರೂ ಹೇಳಿದರೆ ಆಡಿಟರನ್ನು ಕೇಳದೆ ನಂಬಬೇಡಿ.

ಆ ಜಾಗದ ಬಗ್ಗೆ ಒಂದೆರಡು ಮಾತು. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಸರಿ. ಆದರೆ ಮಾರುವವರಿಗೆ ಮಾರುವ ಹಕ್ಕು ಇದೆಯಾ ಅನ್ನುವುದು ಕೊಡಗಿನಲ್ಲಿ ಬೇರೆಯೇ ಕಥೆ. ಪಹಣಿಯಲ್ಲಿ ಜಮ್ಮಾ ಬಾಣೆ (ಮನೆತನಕ್ಕೆ ತಲೆಮಾರಿನಿಂದ ಬಂದ ಜಮೀನು) ಅಂತ ಇದೆಯಾ, ಒಂದು ಅಂಚು ಪೈಸಾರಿಗೆ, ಅಂದರೆ ಸರ್ಕಾರಿ ಜಾಗಕ್ಕೆ, ಸೇರಿದೆಯಾ, ಜಮೀನು ರಿಡೀಮ್ಡ್ ಆಗಿದೆಯಾ, ಅಂದರೆ ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಂಡಿದ್ದಾರಾ ನೋಡಿಸಿ. ಆಗಿಲ್ಲದಿದ್ದರೆ ನಿಮ್ಮ ತೋಟದ ನೆರಳು ಮರದ ಬೆಲೆ ನಿಮ್ಮದಲ್ಲ. ಕೊಡಗಿನ ಜಮೀನು ಗೊತ್ತಿರುವ, ಮಡಿಕೇರಿ ಅಥವಾ ವಿರಾಜಪೇಟೆಯ ವಕೀಲರೇ ಆಗಬೇಕು, ಬೆಂಗಳೂರಿನವರಿಗೆ ಇದು ಅರ್ಥವಾಗುವ ವಿಷಯವಲ್ಲ. ಆಮೇಲೆ ಮನೆಯ ಹಿಂದೆ ಹೋಗಿ ನಿಂತು ನೋಡಿ. ಗುಡ್ಡವನ್ನು ನೆಟ್ಟಗೆ ಕತ್ತರಿಸಿ ಬರೆ ಮಾಡಿ ಜಾಗ ಸಮ ಮಾಡಿದ್ದರೆ ಎಷ್ಟೇ ಚೆಂದದ ಮನೆಯಾದರೂ ಬೇಡ. 2018ರಲ್ಲಿ ಕುಸಿದದ್ದನ್ನು ಕಣ್ಣಾರೆ ಕಂಡವರು ಈಗಲೂ ಜೋರು ಮಳೆಯ ರಾತ್ರಿ ನಿದ್ದೆ ಮಾಡುವುದಿಲ್ಲ.

ತೋಟದ ಆದಾಯವನ್ನು ಲೆಕ್ಕಕ್ಕೇ ಹಿಡಿಯಬೇಡಿ. ನೀವು ನೋಡಿರುವುದು ಕುಯ್ಲು. ಮರಗಸಿ (ನೆರಳು ಮರದ ಕೊಂಬೆ ಸವರುವುದು), ಚಿಗುರು ತೆಗೆಯುವುದು, ಗೊಬ್ಬರ, ಕಳೆ, ಕಾಫಿ ಹೂ ಬಿಡಿಸುವ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್, ಇದೆಲ್ಲ ನೀವು ಬೆಂಗಳೂರಿನಲ್ಲಿದ್ದಾಗ ನಡೆಯುವ ಕೆಲಸ. ಒಂದೂವರೆ ಎಕರೆಗೆ ಕೂಲಿಯವರನ್ನು ಹುಡುಕಿ ಕರೆತರುವ ತಲೆನೋವು ಹತ್ತು ಎಕರೆಯವರಿಗೆ ಇರುವಷ್ಟೇ.

ಸೆಪ್ಟೆಂಬರ್ ಕೊನೆಗೆ ಪತ್ರ ಬರೆಯಿರಿ. ಅಷ್ಟರಲ್ಲಿ ಆ ಮನೆ ಬೇರೆಯವರ ಪಾಲಾದರೆ ಆಗಲಿ, ಕೊಡಗಿನಲ್ಲಿ ಮನೆ ಮಾರುವವರಿಗೆ ಬರವಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, 61 ವರ್ಷ, ಒಬ್ಬಳೇ. ಮೂರು ವರ್ಷದಿಂದ ಡಿಸೆಂಬರ್, ಜನವರಿ ಮಡಿಕೇರಿಯಲ್ಲಿ ಗೆಳತಿಯ ಮನೆಯಲ್ಲಿ ಕಳೆಯುತ್ತೇನೆ. ಪೂರ್ತಿ ಬಂದುಬಿಡುವ ಆಸೆ. ಮಡಿಕೇರಿಯಾ, ಕುಶಾಲನಗರವಾ? (ಮಂಡ್ಯ)

ಉತ್ತರ: ಒಬ್ಬರೇ ಇರುವುದಾದರೆ ಕುಶಾಲನಗರ ಅಮ್ಮ. ಮಡಿಕೇರಿ ಚೆಂದ, ಒಪ್ಪುತ್ತೇನೆ. ಆದರೆ ಅಲ್ಲಿ ಹಾಲು ತರಲು ಹೋದರೂ ಏರು, ವಾಪಸ್ ಬರಲೂ ಏರು, ಅದು ಹೇಗೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಎಪ್ಪತ್ತರ ಮಂಡಿಗೆ ಅದು ಬೇಡ. ಕುಶಾಲನಗರ ಸಮತಟ್ಟು, ಮಳೆ ಮಡಿಕೇರಿಯ ಅರ್ಧವೂ ಇಲ್ಲ, ಮಡಿಕೇರಿಗಿಂತ ಮೈಸೂರಿಗೆ 30 ಕಿಲೋಮೀಟರ್ ಹತ್ತಿರ, ಹೊತ್ತಿಗೊಂದು ಬಸ್ಸು. ಬೇಸಿಗೆಯಲ್ಲಿ ಫ್ಯಾನ್ ಬೇಕಾಗುತ್ತದೆ ಅನ್ನುವುದೊಂದೇ ಕೊರತೆ, ಮಂಡ್ಯದವರಿಗೆ ಅದೇನು ದೊಡ್ಡದಲ್ಲ.

ಒಂದು ಎಚ್ಚರ. ಕಾವೇರಿ ಹೊಳೆಯ ಪಕ್ಕದ ಬಡಾವಣೆಗಳಿಗೆ 2018ರಲ್ಲೂ 2019ರಲ್ಲೂ ನೀರು ನುಗ್ಗಿತ್ತು. ಮನೆ ತೋರಿಸುವ ಬ್ರೋಕರ್ ಹತ್ತಿರ ಇದನ್ನು ಕೇಳಬೇಡಿ, ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತಾ ಕೇಳಿ, ಗೋಡೆಯ ಮೇಲೆ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಅವರೇ ಕೈ ಮಾಡಿ ತೋರಿಸುತ್ತಾರೆ. ಬಾಡಿಗೆಗೇ ಇರಿ. ಈ ವಯಸ್ಸಿನಲ್ಲಿ ಒಬ್ಬರಿಗೋಸ್ಕರ ಮನೆ ಕೊಳ್ಳುವ ಅಗತ್ಯ ನನಗೆ ಕಾಣುತ್ತಿಲ್ಲ.

ಪ್ರಶ್ನೆ: ಸೈನ್ಯದಿಂದ ನಿವೃತ್ತನಾಗಿ ಮೈಸೂರಿನಲ್ಲಿದ್ದೇನೆ. ಪುತ್ತರಿಗೆ ಬಂದು ನಮ್ಮ ಮನೆತನದ ಹಿರಿಯರ ಐನ್‌ಮನೆಯಲ್ಲಿ ತಿಂಗಳು ಇದ್ದು ಹೋಗುತ್ತಿದ್ದೆ. ಈಗ ಒಕ್ಕದ, ಅಂದರೆ ಮನೆತನದ, ಜಮ್ಮಾ ಜಾಗದಲ್ಲಿ ನನ್ನ ಪಾಲಿಗೆ ಬಂದ ಕಡೆ ಸಣ್ಣ ಮನೆ ಕಟ್ಟಿ ಇರೋಣವೆಂದರೆ ಬ್ಯಾಂಕಿನವರು ಸಾಲ ಕೊಡುತ್ತಿಲ್ಲ. ಪಾಲು ಬಾಯಿ ಮಾತಿನಲ್ಲಿ ಆಗಿದೆ. ಏನು ಮಾಡಲಿ? (ಮೂಲ ಪೊನ್ನಂಪೇಟೆ ಕಡೆ)

ಉತ್ತರ: ಬ್ಯಾಂಕಿನಲ್ಲಿ ಆ ಕಡೆ ಕೂತಿದ್ದವಳು ನಾನು, ಅವರನ್ನು ಬೈಯಬೇಡಿ. ಪಹಣಿಯಲ್ಲಿ ಪಟ್ಟೆದಾರರ, ಅಂದರೆ ಒಕ್ಕದ ಹಿರಿಯರ, ಹೆಸರು, ಜೊತೆಗೆ ಒಕ್ಕದವರದ್ದೆಲ್ಲ. ಅಷ್ಟು ಜನರ ಸಹಿ ಇಲ್ಲದೆ ಯಾವ ಮ್ಯಾನೇಜರೂ ಸಾಲ ಕೊಡುವುದಿಲ್ಲ. ಸಾಲದ ಯೋಚನೆ ಬಿಟ್ಟು ಕೈಯಲ್ಲಿರುವ ದುಡ್ಡಿಗೆ ಎಷ್ಟು ಆಗುತ್ತದೋ ಅಷ್ಟೇ ಕಟ್ಟಿ. ಆದರೆ ಒಂದು ಕಲ್ಲು ಇಡುವ ಮೊದಲು ಎಲ್ಲ ಪಾಲುದಾರರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ, ದುಬೈನಲ್ಲಿರುವ ಚಿಕ್ಕಪ್ಪನ ಮಗನೂ ಸೇರಿ. ಪುತ್ತರಿಗೆ ಎಲ್ಲರೂ ಬರುತ್ತಾರಲ್ವಾ, ಅದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ. ಊಟಕ್ಕೆ ಮೊದಲು ಕೇಳಿ, ಊಟದ ನಂತರ ಯಾರೂ ಕಾಗದ ಓದುವ ಸ್ಥಿತಿಯಲ್ಲಿ ಇರುವುದಿಲ್ಲ.

ಪ್ರಶ್ನೆ: ಕೇಂದ್ರ ಸರ್ಕಾರದ ಪಿಂಚಣಿದಾರ. ಪ್ರತಿ ನವೆಂಬರ್ ಜೀವಂತ ಪ್ರಮಾಣಪತ್ರ ಕೊಟ್ಟು ಮುಗಿಸಿ ಆಮೇಲೆ ಸೋಮವಾರಪೇಟೆಗೆ ಬರುತ್ತಿದ್ದೆ. ಪೂರ್ತಿ ಅಲ್ಲೇ ನೆಲೆಸಿದರೆ ಕಾಗದಪತ್ರಗಳ ಕಥೆ ಏನು? (ಬೆಂಗಳೂರು)

ಉತ್ತರ: ಇದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಜೀವನ್ ಪ್ರಮಾಣ್ ಈಗ ಮೊಬೈಲಿನಲ್ಲೇ ಮುಖ ತೋರಿಸಿ ಕೊಡಬಹುದು, ಬ್ಯಾಂಕಿಗೆ ಹೋಗಬೇಕಿಲ್ಲ. ನೆಟ್‌ವರ್ಕ್ ಇರುವ ಗುಡ್ಡ ಹತ್ತಬೇಕಾದೀತು, ಅಷ್ಟೇ. ಪಿಂಚಣಿ ಖಾತೆಯನ್ನು ಇಲ್ಲಿನ ಶಾಖೆಗೆ ವರ್ಗ ಮಾಡಿಸಿ. ಆಧಾರ್ ವಿಳಾಸ ಮೊದಲು ಬದಲಿಸಿ, ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ. ವೋಟಿಗೆ ಫಾರಂ 8. ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ) ಕೇಂದ್ರ ಇಲ್ಲದ ಊರಿನಲ್ಲಿ ನೆಲೆಸಿದರೆ ಹೊರರೋಗಿ ಖರ್ಚಿಗೆ ತಿಂಗಳಿಗೆ 1,000 ರೂಪಾಯಿ ವೈದ್ಯಕೀಯ ಭತ್ಯೆ ಸಿಗುತ್ತದೆ, ಆದರೆ ಅರ್ಜಿ ಕೊಡಬೇಕು. ಆ ಸಾವಿರ ಬಿಪಿ ಮಾತ್ರೆಗೆ ಸಾಲುತ್ತದಾ ಅಂತ ನನ್ನನ್ನು ಕೇಳಬೇಡಿ.

ಬೆಂಗಳೂರಿನಲ್ಲಿ ನಿಮ್ಮನ್ನು ಹತ್ತು ವರ್ಷದಿಂದ ನೋಡುತ್ತಿರುವ ಡಾಕ್ಟರ್ ಇದ್ದಾರಲ್ಲ, ಅವರಿಂದ ಹಳೆಯ ರಿಪೋರ್ಟುಗಳನ್ನೆಲ್ಲ ತೆಗೆದುಕೊಂಡು ಒಂದು ಫೈಲ್ ಮಾಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಬೂಷ್ಟಿನ ವಿಷಯ ಮೇಲೆ ಹೇಳಿದ್ದೇನೆ.

ಪ್ರಶ್ನೆ: ಚಳಿಗಾಲದಲ್ಲಿ ನಮ್ಮ ಲ್ಯಾಬ್ರಡಾರ್ ನಾಯಿಯನ್ನೂ ಕರೆತರುತ್ತೇವೆ, ಇಡೀ ದಿನ ತೋಟದಲ್ಲಿ ಓಡಾಡಿಕೊಂಡಿರುತ್ತದೆ. ಇಲ್ಲೇ ಉಳಿದರೆ ಅದಕ್ಕೆ ಹೊಂದಿಕೆಯಾಗುತ್ತದಾ? (ಬೆಂಗಳೂರು)

ಉತ್ತರ: ನಿಮಗಿಂತ ಮೊದಲು ಅದಕ್ಕೇ ಹೊಂದಿಕೆಯಾಗುತ್ತದೆ. ಮಳೆಗಾಲದಲ್ಲಿ ಪ್ರತಿ ಸಲ ಒಳಗೆ ಬಂದಾಗ ಬೆರಳ ಸಂದು, ಕಿವಿ, ಮೂಗಿನ ತುದಿ ನೋಡಿ, ಜಿಗಣೆ ಕೂತಿರುತ್ತದೆ. ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ಬಿಡುತ್ತದೆ, ಎಳೆಯಬೇಡಿ. ಉಣ್ಣೆ ಹುಳಕ್ಕೆ ಡಾಕ್ಟರ ಔಷಧಿ ತಪ್ಪಿಸಬೇಡಿ. ರಾತ್ರಿ ಮಾತ್ರ ಹೊರಗೆ ಕಟ್ಟಬೇಡಿ, ಚಿರತೆ ಮೊದಲು ಹುಡುಕಿಕೊಂಡು ಬರುವುದೇ ನಾಯಿಯನ್ನು. ನಮ್ಮದು ಈಗ ಅಡುಗೆಮನೆಯಲ್ಲಿ, ಒಲೆಯ ಪಕ್ಕ ಮಲಗುತ್ತದೆ. ಒಣಗಲು ಹಾಕಿದ ನನ್ನ ಶಾಲು ಅದರ ಹಾಸಿಗೆ.